ಮಣ್ಣಿನ ಈ ಬ್ಯಾಕ್ಟೀರಿಯಾ ನಿಜವಾಗಿ ಹರಡುತ್ತಿದೆಯಾ, ಇದ್ದದ್ದೇ ಈಗ ಕಣ್ಣಿಗೆ ಬೀಳುತ್ತಿದೆಯಾ?

ಬರಿಗಾಲು:
ಎಲ್ಲರಿಗೂ ನಮಸ್ಕಾರ. ಮೆಲಿಯಾಯ್ಡೋಸಿಸ್ ಅನ್ನುವ ಕಾಯಿಲೆ ಬಗ್ಗೆ ಯಾರಿಗಾದರೂ ಗೊತ್ತಾ? ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾದ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದಂತೆ. ಗದ್ದೆಯ ಕೆಸರಲ್ಲಿ ಕೆಲಸ ಮಾಡುವವರಿಗೆ ಮಾತ್ರ ಅಂದುಕೊಂಡಿದ್ದೆ. ನಿನ್ನೆ ಓದಿದರೆ, 2022ರಲ್ಲಿ ಅಮೆರಿಕದ ಮಿಸಿಸಿಪ್ಪಿ ಕರಾವಳಿಯ ಮಣ್ಣಲ್ಲೂ ಸಿಕ್ಕಿದೆ. ಅಂದರೆ ಇದು ತನ್ನ ಜಾಗ ಬಿಟ್ಟು ಹೊರಟಿದೆಯಾ? ಕಾರಣ ಏನು, ಬಿಸಿ ಏರುತ್ತಿರುವುದಾ, ಸರಕು ಸಾಗಣೆಯಾ?

ಕೇಳೋದಕ್ಕೆ ಕಾರಣ ಅಪ್ಪ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹಿಮ್ಮಡಿ ಎರಡೂ ಒಡೆದಿವೆ. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಗಿಡಕ್ಕೆ ನೀರು ಬಿಡುತ್ತಾರೆ. ಹೇಳಿದರೆ ಕೇಳಲ್ಲ.

ಸುಮ್ನೆಬಂದೆ:
ಅಪ್ಪನೂ ಬರಿಗಾಲು, ನಿಮ್ಮ ಹೆಸರೂ ಬರಿಗಾಲು. ಮನೆತನದ ವಿಷಯ, ಬಿಡಿ.

ಅಡ್ಡಮಾತು:
ಬಂತಪ್ಪ ಇನ್ನೊಂದು ವೈರಸ್ಸು. ಆರು ತಿಂಗಳಿಗೊಂದು ಹೊಸ ಹೆಸರು ಕೇಳಿಸದಿದ್ದರೆ ನಮಗೆ ನಿದ್ದೆ ಬರಲ್ಲ.

ಲ್ಯಾಬ್_ಕೋಟು:
ಅಡ್ಡಮಾತು ಅವರೇ, ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಪೋಸ್ಟಿನ ಮೂರನೇ ಸಾಲಲ್ಲೇ ಇದೆ. ಹೊಸದೂ ಅಲ್ಲ, ನೂರು ವರ್ಷಕ್ಕಿಂತ ಹಳೆಯದು. ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲೈ. ನಾಲಿಗೆ ಹೊರಳದಿದ್ದರೆ ಬಿಡಿ, ನಮ್ಮ ಲ್ಯಾಬಲ್ಲೂ ಅರ್ಧ ಜನಕ್ಕೆ ಹೊರಳಲ್ಲ.

ಬರಿಗಾಲು ಅವರಿಗೆ: ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ. ಮಣ್ಣು, ನೀರು ಗಾಯಕ್ಕೆ ತಾಗಿದಾಗ, ಜೋರು ಗಾಳಿಮಳೆಯಲ್ಲಿ ಸಿಡಿದ ಹನಿ ಉಸಿರಿಗೆ ಸೇರಿದಾಗ, ಕೆಟ್ಟ ನೀರು ಕುಡಿದಾಗ ಬರುತ್ತದೆ. ಕೆಮ್ಮಿದರೆ ಪಕ್ಕದವರಿಗೆ ಅಂಟುವ ಜಾತಿ ಅಲ್ಲ.

ಹಳೇಪುಟ:
ಇತಿಹಾಸ ನನಗೆ ಬಿಡಿ. 1911ರಲ್ಲಿ ಬರ್ಮಾದ ರಂಗೂನಿನಲ್ಲಿ ಆಲ್ಫ್ರೆಡ್ ವ್ಹಿಟ್‌ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಗುರುತಿಸಿದರು. ಹೆಚ್ಚಿನ ರೋಗಿಗಳು ಮಾರ್ಫಿನ್ ಚುಚ್ಚಿಕೊಳ್ಳುವ ಚಟದವರು. ಹೆಣ ಕೊಯ್ದು ನೋಡಿದರೆ ಶ್ವಾಸಕೋಶ, ಲಿವರ್, ಗುಲ್ಮದ (ಸ್ಪ್ಲೀನ್) ತುಂಬ ಕೀವು. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ಅಂತ ಮೊದಲು ಅನುಮಾನ. ಆದರೆ ಈ ಬ್ಯಾಕ್ಟೀರಿಯಾ ಚಲಿಸುತ್ತಿತ್ತು, ಗ್ಲ್ಯಾಂಡರ್ಸಿನದ್ದು ಚಲಿಸಲ್ಲ. ಹಾಗೆ ಬೇರೆ ಅಂತ ಗೊತ್ತಾಯಿತು. ಕಾಯಿಲೆಯನ್ನು ಈಗಲೂ ವ್ಹಿಟ್‌ಮೋರ್ ಕಾಯಿಲೆ ಅನ್ನುತ್ತಾರೆ. ಕೃಷ್ಣಸ್ವಾಮಿ ಹೆಸರು ಎಲ್ಲಿ ಹೋಯಿತೋ!

ಸುಮ್ನೆಬಂದೆ:
ಹೋಗೋದು ಎಲ್ಲಿಗೆ, ಎರಡನೇ ಲೇಖಕನ ಜಾಗಕ್ಕೆ.

ಮಣ್ಣಿನವಾಸನೆ:
ಮೂಲ ಪ್ರಶ್ನೆಗೆ ಬರೋಣ. 'ಹರಡುತ್ತಿದೆ' ಅನ್ನುವ ಒಂದೇ ಮಾತಲ್ಲಿ ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ರೋಗಿ ಬೇರೆ ದೇಶದಿಂದ ಹೊತ್ತು ತಂದದ್ದು ಒಂದು. ಸಾಮಾನಿನ ಜೊತೆ ಬ್ಯಾಕ್ಟೀರಿಯಾ ಬಂದದ್ದು ಇನ್ನೊಂದು. ಅಲ್ಲಿನ ಮಣ್ಣಲ್ಲೇ ಅದು ನೆಲೆ ನಿಂತಿರುವುದು ಮತ್ತೊಂದು. ಮಿಸಿಸಿಪ್ಪಿಯದ್ದು ಈ ಕೊನೆಯದು.

ಅಲ್ಲಿ 2020ರಲ್ಲಿ ಒಬ್ಬರಿಗೆ, 2022ರಲ್ಲಿ ಇನ್ನೊಬ್ಬರಿಗೆ ಬಂತು. ಪರಸ್ಪರ ಸಂಬಂಧ ಇಲ್ಲ, ಆದರೆ ಮನೆಗಳು ಹತ್ತಿರ. ಇಬ್ಬರಲ್ಲೂ ಒಂದೇ ತಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಹೋಗಿ ಮನೆ ಸುತ್ತಲಿನ ಮಣ್ಣು, ನೀರು ತಂದು ನೋಡಿದರು. ಮೊದಲ ರೋಗಿಯ ಜಾಗದ ಮಣ್ಣಲ್ಲಿ, ನಿಂತ ನೀರಲ್ಲಿ ಸಿಕ್ಕಿತು. ಆ ದೇಶದ ಮುಖ್ಯ ಭೂಭಾಗದ ಮಣ್ಣಲ್ಲಿ ಅದೇ ಮೊದಲು.

ಅಡ್ಡಮಾತು:
ಸರಿ, ವೈರಸ್ ಅಂದದ್ದು ತಪ್ಪು, ಒಪ್ಪಿದೆ. ಆದರೆ ನನ್ನ ವಾದ ಬದಲಾಗಲ್ಲ. ಅಲ್ಲಿ ಯಾವತ್ತಿಂದ ಇತ್ತು ಅಂತ ಯಾರು ನೋಡಿದ್ದಾರೆ? 2022ಕ್ಕೆ ಮುಂಚೆ ಆ ಮಣ್ಣು ಅಗೆದು ಹುಡುಕಿದವರು ಯಾರು? ದೀಪ ಹಾಕಿದ ಮೇಲೆ ಜಿರಳೆ ಕಂಡರೆ 'ದೀಪದಿಂದ ಜಿರಳೆ ಬಂತು' ಅನ್ನೋಕಾಗಲ್ಲ. ಹುಡುಕಾಟ ಜಾಸ್ತಿಯಾಗಿದೆ, ಅಷ್ಟೇ.

ಮಣ್ಣಿನವಾಸನೆ:
ಜಿರಳೆ ಮಾತು ಚೆನ್ನಾಗಿದೆ, ಅರ್ಧ ಒಪ್ಪುತ್ತೇನೆ. ಆ ಕೇಂದ್ರದವರೂ ಹೇಳಿದ್ದು 'ಕನಿಷ್ಠ 2020ರಿಂದ ಇದೆ' ಅಂತ ಮಾತ್ರ, ಮೊನ್ನೆ ಬಂತು ಅಂತಲ್ಲ. ಆದರೆ ಪೂರ್ತಿ ಒಪ್ಪಲ್ಲ. ಇದು ಪ್ರಯಾಣ ಮಾಡಿದ ಬ್ಯಾಕ್ಟೀರಿಯಾವೇ. ಜೀನೋಮ್ (ಅದರ ಪೂರ್ತಿ ವಂಶವಾಹಿ) ಹೋಲಿಸಿ ನೋಡಿದವರ ಪ್ರಕಾರ ತವರು ಆಸ್ಟ್ರೇಲಿಯಾ. ಅಲ್ಲಿಂದ ಆಗ್ನೇಯ ಏಷ್ಯಾ. ಆಫ್ರಿಕಾದಿಂದ ಅಮೆರಿಕ ಖಂಡಗಳಿಗೆ ಹೋದದ್ದು ಸುಮಾರು 1650ರಿಂದ 1850ರ ನಡುವೆ, ಗುಲಾಮರ ಹಡಗುಗಳ ಕಾಲ.

ಅಡ್ಡಮಾತು:
ಹಾಗಾದರೆ ಇನ್ನೂರು ವರ್ಷ ಹಳೆಯ ಸುದ್ದಿ. ನಾನು ಹೇಳಿದ್ದೂ ಅದೇ ಅಲ್ವಾ?

ಮಣ್ಣಿನವಾಸನೆ:
ನೀವು ಹೇಳಿದ್ದು ಅದಲ್ಲ, ಆದರೆ ಹೇಳಿದೆ ಅಂತ ಇಟ್ಟುಕೊಳ್ಳಿ.

ಕೊನೇಬೆಂಚು:
ಇಲ್ಲಿ ತಮಾಷೆ ನಡೀತಿದೆ, ನಡೀಲಿ. ನಮ್ಮ ಅಣ್ಣನಿಗೆ ಬಂದದ್ದು ಇದೇ. ಅದನ್ನು ಬರೆಯುತ್ತೇನೆ.

ಅವನಿಗೆ 48. ಸಕ್ಕರೆ ಇತ್ತು, ಮಾತ್ರೆ ಒಂದು ದಿನ ನುಂಗಿದರೆ ಎರಡು ದಿನ ಮರೆಯುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಶುರು. ಸಂಜೆ ಆಯಿತೆಂದರೆ ಚಳಿ, ಬೆಳಿಗ್ಗೆ ಬೆವರಿ ಹಾಸಿಗೆ ಒದ್ದೆ. ಎರಡು ತಿಂಗಳಲ್ಲಿ ಪ್ಯಾಂಟಿನ ಬೆಲ್ಟಿಗೆ ಹೊಸದಾಗಿ ಮೂರು ತೂತು ಹಾಕಿಸಿದ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲಿನ ಭಾಗದಲ್ಲಿ ಮಚ್ಚೆ. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯ ಅಂತಲೇ ಮಾತ್ರೆ ಶುರು ಮಾಡಿದರು. ಒಂದೂವರೆ ತಿಂಗಳು ನುಂಗಿದ. ಜ್ವರ ಹೋಗಲಿಲ್ಲ.

ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿದರೆ ಗುಲ್ಮದ ತುಂಬ ಚಿಕ್ಕ ಚಿಕ್ಕ ಕೀವಿನ ಗೂಡು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಸುಮ್ಮನಾಗಿಬಿಟ್ಟರು. 'ಮಣ್ಣಿನ ಕೆಲಸ ಮಾಡ್ತೀರಾ?' ಅಂತ ಒಂದೇ ಪ್ರಶ್ನೆ. ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಅಣ್ಣ 'ಇಲ್ಲ ಮೇಡಂ, ಆಫೀಸು' ಅಂದ. ಮಳೆಯಲ್ಲಿ ಮನೆ ಹಿಂದಿನ ಮೋರಿ ಕಟ್ಟಿಕೊಂಡಾಗ ಮೊಣಕಾಲವರೆಗೆ ಇಳಿದು ಬಿಡಿಸಿದವನು ಅವನೇ ಅಂತ ನೆನಪು ಮಾಡಿದ್ದು ಅತ್ತಿಗೆ.

ರಕ್ತದ ಕಲ್ಚರಲ್ಲಿ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸಿಕ್ಕಿತು. ಡ್ರಿಪ್ಪಲ್ಲಿ ಮೂರು ವಾರ, ಆಮೇಲೆ ಮೂರು ತಿಂಗಳು ಮಾತ್ರೆ. ಈಗ ಚೆನ್ನಾಗಿದ್ದಾನೆ. ಮೋರಿ ಕಡೆ ತಲೆ ಹಾಕಲ್ಲ.

ಬರಿಗಾಲು:
ಓದಿ ಕೈ ತಣ್ಣಗಾಯಿತು. ಅಣ್ಣ ಹುಷಾರಾದರಲ್ಲ, ಅದು ದೊಡ್ಡದು. ಆ ಮೂರು ತಿಂಗಳ ಮಾತ್ರೆ ಯಾಕೆ ಅಷ್ಟು ಉದ್ದ?

ರಾತ್ರಿಪಾಳಿ:
ಡ್ಯೂಟಿ ಮುಗಿಸಿ ಬಂದೆ. ನಾನು ಡಾಕ್ಟರ್, ಆದರೆ ನಿಮ್ಮ ಡಾಕ್ಟರ್ ಅಲ್ಲ, ಅದು ನೆನಪಿರಲಿ.

ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಕೂರುತ್ತದೆ. ಜ್ವರ ಇಳಿಯಿತು ಅಂತ ಔಷಧಿ ನಿಲ್ಲಿಸಿದರೆ ಕೆಲವು ವಾರ, ತಿಂಗಳಲ್ಲಿ ವಾಪಸ್. ಅದಕ್ಕೇ ಮೊದಲು ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್ ರಕ್ತನಾಳಕ್ಕೆ, ಕನಿಷ್ಠ 10ರಿಂದ 14 ದಿನ. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ, ಕನಿಷ್ಠ 3 ತಿಂಗಳು. ಈ ಎರಡನೇ ಭಾಗವನ್ನೇ ಜನ ಅರ್ಧಕ್ಕೆ ಬಿಡುವುದು. ಪೆನಿಸಿಲಿನ್, ಆಂಪಿಸಿಲಿನ್ ಇದರ ಮೇಲೆ ಕೆಲಸ ಮಾಡಲ್ಲ, ಜೆಂಟಾಮೈಸಿನ್ ಸಾಮಾನ್ಯವಾಗಿ ಮಾಡಲ್ಲ. ಲಸಿಕೆ ಇಲ್ಲ.

ಕೊನೇಬೆಂಚು ಅವರ ಅಣ್ಣನಿಗೆ ಆದದ್ದು ಅಪರೂಪ ಅಲ್ಲ. ಕ್ಷಯದ ಹಾಗೆ ಕಾಣುತ್ತದೆ, ನ್ಯುಮೋನಿಯಾ ಹಾಗೆ ಕಾಣುತ್ತದೆ, ಬರೀ ಒಂದು ಕುರುವಿನ ಹಾಗೂ ಕಾಣುತ್ತದೆ. ಎಲ್ಲಾ ವೇಷ ಹಾಕುತ್ತದೆ. ಇದು ಇಲ್ಲ ಅನ್ನುವ ಜಾಗದಲ್ಲಿ ಡಾಕ್ಟರಿಗೆ ಇದರ ನೆನಪೇ ಬರಲ್ಲ. ನನ್ನ ಪ್ರಕಾರ 'ಹೊರಗೆ ಹರಡುವುದರ' ನಿಜವಾದ ಅಪಾಯ ಇದೇ. ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಊರಲ್ಲಿ 1989ರ ಅಕ್ಟೋಬರಿನಿಂದ ಬಾರ್ಟ್ ಕರಿ ಅನ್ನುವ ವೈದ್ಯರ ತಂಡದವರು ಪ್ರತಿ ಪ್ರಕರಣವನ್ನೂ ದಾಖಲು ಮಾಡುತ್ತಾ ಬಂದಿದ್ದಾರೆ. ಬೇಗ ಅನುಮಾನ, ಒಳ್ಳೆ ಐಸಿಯು. ಅಲ್ಲಿ ಸಾವು ಈಗ ಸುಮಾರು ನೂರಕ್ಕೆ ಹತ್ತು. ಥಾಯ್ಲೆಂಡಿನ ಈಶಾನ್ಯದಲ್ಲಿ ನೂರಕ್ಕೆ ನಲವತ್ತರವರೆಗೆ ಕಂಡಿದ್ದಾರೆ. ಬ್ಯಾಕ್ಟೀರಿಯಾದ ಜಾತಿ ಅದೇ.

ಲ್ಯಾಬ್_ಕೋಟು:
ಡಾಕ್ಟರ್ ಸಾಹೇಬರು ತಮ್ಮವರನ್ನಷ್ಟೇ ಬೈದರು. ನಮ್ಮ ಕಡೆ ತಪ್ಪೂ ಕಮ್ಮಿ ಇಲ್ಲ. ಬ್ಯಾಕ್ಟೀರಿಯಾ ಗುರುತಿಸುವ ಯಂತ್ರಕ್ಕೆ ಕೊಟ್ಟರೆ ಎಷ್ಟೋ ಸಲ ಅಕ್ಕಪಕ್ಕದ ಬಂಧುವಿನ ಹೆಸರು ಹೇಳುತ್ತದೆ. ಇಲ್ಲದಿದ್ದರೆ 'ಸ್ಯೂಡೋಮೊನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಇರಬೇಕು, ಹೊರಗಿನ ಕೊಳೆ' ಅಂತ ಅದನ್ನು ಬೆಳೆಸಿದ ಪ್ಲೇಟ್ ಎಸೆದುಬಿಡುತ್ತಾರೆ. ಒಂದೇ ಸಲದ ಕಲ್ಚರಲ್ಲಿ ಸಿಗದೇ ಹೋಗುವುದೂ ಮಾಮೂಲಿ.

ನಾನು ಮೊದಲ ಸಲ ನೋಡಿದ್ದು ಹೇಳುತ್ತೇನೆ. ಮೊದಲ ದಿನ ಪ್ಲೇಟಲ್ಲಿ ನಯವಾದ ಪುಟ್ಟ ಚುಕ್ಕೆಗಳು, ಏನೂ ವಿಶೇಷ ಇಲ್ಲ. ರಜೆ ಮುಗಿಸಿ ಬಂದು ತೆಗೆದರೆ ಒಣಗಿದ ಸೇವಂತಿಗೆ ಹಾಗೆ ಸುಕ್ಕುಸುಕ್ಕು. ಮುಚ್ಚಳ ಎತ್ತಿದೆ, ಮೊದಲ ಮಳೆ ಬಿದ್ದ ನೆಲದಂಥ ವಾಸನೆ. ಮೂಗು ಹತ್ತಿರ ತಂದೆ. ಹಿಂದಿನಿಂದ ನಮ್ಮ ಸೀನಿಯರ್ 'ಮೂಸಬೇಡ್ವೇ!' ಅಂತ ಕಿರುಚಿದರು. ಆ ಕಿರುಚಾಟಕ್ಕೇ ಪ್ಲೇಟ್ ಕೈಜಾರಬೇಕಿತ್ತು. ಆಮೇಲೆ ಇಡೀ ವಿಭಾಗದವರಿಗೆ ಮೂರು ವಾರ ದಿನಾ ಎರಡು ಸಲ ಜ್ವರ ನೋಡಿ ಬರೆದಿಡುವ ಶಿಕ್ಷೆ. ಯಾರಿಗೂ ಏನೂ ಆಗಲಿಲ್ಲ.

ಸುಮ್ನೆಬಂದೆ:
ಮಳೆ ಬಿದ್ದ ಮಣ್ಣಿನ ವಾಸನೆಯೂ ಹೋಯಿತು ಕೈಬಿಟ್ಟು. ಇನ್ನೇನು ಉಳಿದಿದೆ ಜೀವನದಲ್ಲಿ?

ಮಣ್ಣಿನವಾಸನೆ:
ನನ್ನ ಹೆಸರಿಗೇ ಕುತ್ತು ಬಂತು. ಮಳೆಯ ವಾಸನೆ ಬೇರೆ ಬ್ಯಾಕ್ಟೀರಿಯಾಗಳದ್ದು, ಪಾಪದವು. ಧೈರ್ಯವಾಗಿ ಮೂಸಿ.

ಮೀನುತೊಟ್ಟಿ:
ಸಾಮಾನಿನ ಜೊತೆ ಬರುತ್ತದೆ ಅಂದಿರಲ್ಲ, ಅದಕ್ಕೆ ಉದಾಹರಣೆ ಇದೆಯಾ? ಮಣ್ಣಿನ ಜೀವಿ ಪೆಟ್ಟಿಗೆ ಒಳಗೆ ಬದುಕುತ್ತಾ?

ಲ್ಯಾಬ್_ಕೋಟು:
ಬದುಕುತ್ತಾ ಅಂತ ಕೇಳ್ತೀರಾ! ಭಟ್ಟಿ ಇಳಿಸಿದ ಬರೀ ನೀರಲ್ಲಿ 16 ವರ್ಷ ಬದುಕಿದ ದಾಖಲೆ ಇದೆ. ಊಟ ಇಲ್ಲ, ಏನಿಲ್ಲ.

ಉದಾಹರಣೆ 2021ರದ್ದು. ಅಮೆರಿಕದ ನಾಲ್ಕು ರಾಜ್ಯಗಳಲ್ಲಿ, ಕ್ಯಾನ್ಸಸ್, ಟೆಕ್ಸಾಸ್, ಮಿನೆಸೋಟಾ, ಜಾರ್ಜಿಯಾ, ಒಬ್ಬೊಬ್ಬರಿಗೆ ಬಂತು. ಅವರಲ್ಲಿ ಮಕ್ಕಳೂ ಇದ್ದರು. ಇಬ್ಬರು ಸತ್ತರು. ಯಾರೂ ವಿದೇಶಕ್ಕೆ ಹೋಗಿರಲಿಲ್ಲ. ನಾಲ್ಕೂ ತಳಿ ಒಂದೇ, ಅದೂ ದಕ್ಷಿಣ ಏಷ್ಯಾ ಕಡೆಯದ್ದು. ತಿಂಗಳುಗಟ್ಟಲೆ ಮನೆಯ ಮಣ್ಣು, ನೀರು, ಸೋಪು, ತಿಂಡಿ ಎಲ್ಲಾ ಪರೀಕ್ಷೆ ಮಾಡಿದರು. ಅಕ್ಟೋಬರಲ್ಲಿ ಸಿಕ್ಕಿದ್ದು ಕೋಣೆಗೆ ಹೊಡೆಯುವ ಸುಗಂಧದ ಸ್ಪ್ರೇ ಬಾಟಲಿಯಲ್ಲಿ. ಲ್ಯಾವೆಂಡರ್, ಕ್ಯಾಮೊಮೈಲ್, ತಳದಲ್ಲಿ ಚಂದಕ್ಕೆ ಬಣ್ಣದ ಕಲ್ಲುಗಳು. ತಯಾರಾದದ್ದು ಭಾರತದಲ್ಲಿ. ಸುಮಾರು 3,900 ಬಾಟಲಿ ವಾಪಸ್ ಪಡೆದರು.

ಕೊನೇಬೆಂಚು:
ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಹೊಡೆಯುವ ಸ್ಪ್ರೇ ಅಲ್ವಾ ಅದು? ದೇವರೇ.

ಹಳೇಪುಟ:
ಟೆಕ್ಸಾಸಿನ ಆ ಮನೆಯಲ್ಲಿ ಸಾಕಿದ್ದ ರಕೂನ್ (ಅಮೆರಿಕದ ಒಂದು ಕಾಡುಪ್ರಾಣಿ) ಒಂದು ಬಾಟಲಿ ಒಡೆದು ಚೆಲ್ಲಿದ್ದರ ಮೇಲೆ ಓಡಾಡಿ, ಕೆಲವು ವಾರದಲ್ಲಿ ಸತ್ತಿತ್ತು. ಹೂತದ್ದನ್ನು ಮತ್ತೆ ತೆಗೆದು ಪರೀಕ್ಷೆ ಮಾಡಿದರು, ಅದರಲ್ಲೂ ಇದರ ಸುಳಿವು ಸಿಕ್ಕಿತು.

ಸುಮ್ನೆಬಂದೆ:
ಒಂದು ನಿಮಿಷ. ರಕೂನ್ ಸಾಕುತ್ತಾರಾ?

ಅಡ್ಡಮಾತು:
ಇದು ಜೈವಿಕ ಅಸ್ತ್ರದ ಪಟ್ಟಿಯಲ್ಲಿದೆ ಅಂತ ಓದಿದ್ದೇನೆ. ಬಾಟಲಿಯಲ್ಲಿ ತಾನಾಗೇ ಸೇರಿತು ಅಂತ ನಂಬಬೇಕಾ?

ಲ್ಯಾಬ್_ಕೋಟು:
ಪಟ್ಟಿಯಲ್ಲಿ ಇರುವುದು ನಿಜ. ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ. ಮಣ್ಣು, ನೀರಲ್ಲಿ ಸಹಜವಾಗಿ ಇರುವ ಜೀವಿ, ಅದು ಇರುವ ದೇಶದಲ್ಲಿ ತಯಾರಾದ ದ್ರವ. ಇದರಲ್ಲಿ ಸಂಚು ಹುಡುಕುವುದಕ್ಕಿಂತ 'ಬಾಟಲಿ ತುಂಬುವಾಗ ಶುಚಿ ಸಾಲದು' ಅಂದುಕೊಳ್ಳುವುದು ಸುಲಭ.

ಅಡ್ಡಮಾತು:
ಸುಲಭವಾದದ್ದೆಲ್ಲ ನಿಜ ಅಲ್ಲ ಮೇಡಂ.

ಲ್ಯಾಬ್_ಕೋಟು:
ಕಷ್ಟವಾದದ್ದೆಲ್ಲ ನಿಜವೂ ಅಲ್ಲ ಸರ್.

ಮೀನುತೊಟ್ಟಿ:
ನಾನು ಇಪ್ಪತ್ತು ವರ್ಷದಿಂದ ಅಕ್ವೇರಿಯಂ ಇಟ್ಟವನು. ಮೀನಿಗೂ ಇದಕ್ಕೂ ಸಂಬಂಧ ಇಲ್ಲ ತಾನೇ? ಇಲ್ಲ ಅನ್ನಿ ಯಾರಾದರೂ.

ರಾತ್ರಿಪಾಳಿ:
ಸುಳ್ಳು ಹೇಳಲು ಮನಸ್ಸಿಲ್ಲ. 2019ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಒಬ್ಬ ಮಹಿಳೆಗೆ ಹಾಗೇ ಬಂತು. ವಿದೇಶಕ್ಕೇ ಹೋದವರಲ್ಲ. ಅವರ ತೊಟ್ಟಿಯ ನೀರಲ್ಲಿ ಅದೇ ತಳಿ ಸಿಕ್ಕಿತು. ಹೊರದೇಶದಿಂದ ಬರುವ ಉಷ್ಣವಲಯದ ಸಿಹಿನೀರಿನ ಮೀನುಗಳ ಜೊತೆ ಬಂದಿರಬೇಕು ಅಂತ ಲೆಕ್ಕ. ಆಕೆ ಬರಿಗೈಯಲ್ಲಿ ತೊಟ್ಟಿ ತೊಳೆಯುತ್ತಿದ್ದರು. ಹೆದರಬೇಡಿ, ಹಾಗೆ ಗೊತ್ತಾದ ಪ್ರಕರಣ ಬೆರಳೆಣಿಕೆ. ಕೈಯಲ್ಲಿ ಗಾಯ ಇದ್ದಾಗ ಗ್ಲೌಸ್ ಹಾಕಿ, ಮುಗೀತು.

ಮೀನುತೊಟ್ಟಿ:
ಈಗಷ್ಟೇ ಮೊಣಕೈವರೆಗೆ ಅದ್ದಿ ಬಂದೆ. ಥ್ಯಾಂಕ್ಸ್ ಡಾಕ್ಟ್ರೇ.

ಹಳೇಪುಟ:
ಪ್ರಾಣಿ ಜೊತೆ ಪ್ರಯಾಣದ ಹಳೆಯ ಕಥೆಯೂ ಇದೆ. 1970ರ ದಶಕದ ಮಧ್ಯದಲ್ಲಿ ಪ್ಯಾರಿಸ್ಸಿನ ಜಾರ್ದಾಂ ದೆ ಪ್ಲಾಂತ್ ಮೃಗಾಲಯದ ಪ್ರಾಣಿಗಳಲ್ಲಿ ಶುರುವಾಗಿ, ಫ್ರಾನ್ಸಿನ ಬೇರೆ ಮೃಗಾಲಯ, ಕುದುರೆ ಸವಾರಿ ಕ್ಲಬ್ಬುಗಳವರೆಗೆ ಹೋಯಿತು. ಲದ್ದಿ ಗೊಬ್ಬರದ ಜೊತೆ ಹೋಗಿರಬೇಕು ಅಂತ ಅನುಮಾನ. ಪ್ಯಾರಿಸ್! ಉಷ್ಣವಲಯ ಅಂತ ಯಾರಾದರೂ ಅನ್ನುತ್ತಾರಾ?

ಬರಿಗಾಲು:
ಇಷ್ಟು ಓದಿದ ಮೇಲೆ ಪ್ರಶ್ನೆ ಬದಲಾಯಿತು. ಹವಾಮಾನದ ಪಾತ್ರ ಏನೂ ಇಲ್ವಾ ಹಾಗಾದರೆ?

ಮಣ್ಣಿನವಾಸನೆ:
ಇದೆ, ಆದರೆ ಜನ ಹೇಳುವಷ್ಟು ಸೀದಾ ಇಲ್ಲ. ಒಣಗಾಲದಲ್ಲಿ ಇದು ಒಂದಡಿ ಕೆಳಗೆ, ಇನ್ನೂ ಆಳದಲ್ಲಿ ತೇವ ಇರುವ ಕಡೆ ಕೂತಿರುತ್ತದೆ. ಮಳೆ ಜೋರಾಗಿ ನೀರಿನ ಮಟ್ಟ ಏರಿದಾಗ ಮೇಲಕ್ಕೆ ಬರುತ್ತದೆ. ಹಾಗಾಗಿ ದೊಡ್ಡ ಮಳೆ, ಚಂಡಮಾರುತ ಆದ ಕೆಲವೇ ದಿನ, ವಾರದಲ್ಲಿ ರೋಗಿಗಳು ಏರುತ್ತಾರೆ. 2025ರ ಆರಂಭದಲ್ಲಿ ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ರವಾಹ ಆದಾಗ ಟೌನ್ಸ್‌ವಿಲ್, ಕೇರ್ನ್ಸ್ ಕಡೆ ಹಾಗೇ ಆಯಿತು. ಈ ಕಾಯಿಲೆಯಿಂದ ಇಪ್ಪತ್ತಕ್ಕಿಂತ ಹೆಚ್ಚು ಜನ ಸತ್ತರು. ಅದು ಮೊದಲೇ ಇದ್ದ ಜಾಗ. ಅಲ್ಲಿ ಮಳೆ ಹೆಚ್ಚಾದರೆ ಕಾಯಿಲೆ ಹೆಚ್ಚು, ಇದು ಖಚಿತ. ಹೊಸ ಜಾಗಕ್ಕೆ ಬೇರೂರಲು ಬಿಸಿ ಸಹಾಯ ಮಾಡುತ್ತಿದೆ ಅನ್ನುವುದು ತರ್ಕಕ್ಕೆ ಸರಿ, ಸಾಬೀತು ಮಾತ್ರ ಸುಲಭ ಅಲ್ಲ. ಮಿಸಿಸಿಪ್ಪಿಯನ್ನು ತೋರಿಸಿ 'ನೋಡಿ ಬಿಸಿಗೆ ಬಂತು' ಅನ್ನುವವರ ಜೊತೆ ನಾನು ಸೇರಲ್ಲ.

ಅಡ್ಡಮಾತು:
ಅಬ್ಬಾ, ಕೊನೆಗೂ ನನ್ನ ದಾರಿಗೆ ಬಂದಿರಿ.

ಮಣ್ಣಿನವಾಸನೆ:
ನಿಮ್ಮ ದಾರಿ 'ಏನೂ ಆಗಿಲ್ಲ' ಅಂತ. ನನ್ನದು 'ಆಗಿದೆ, ಕಾರಣ ಒಂದಲ್ಲ' ಅಂತ. ಸ್ವಲ್ಪ ದೂರ ಜೊತೆಯಲ್ಲಿ ನಡೆದೆವು, ಅಷ್ಟೇ.

ರಾತ್ರಿಪಾಳಿ:
ಇನ್ನೊಂದು ತಿದ್ದುಪಡಿ. ಮೊದಲ ಪೋಸ್ಟಲ್ಲಿ ಥಾಯ್ಲೆಂಡ್, ಆಸ್ಟ್ರೇಲಿಯಾ ಅಂತಷ್ಟೇ ಇದೆ. 2016ರ ಒಂದು ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 1,65,000 ಪ್ರಕರಣ, 89,000 ಸಾವು. ಅದರಲ್ಲಿ ದೊಡ್ಡ ಪಾಲು ದಕ್ಷಿಣ ಏಷ್ಯಾದ್ದು. ಉಡುಪಿ, ಮಣಿಪಾಲದ ಕಡೆಯಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ವರದಿ ಬಂದಿವೆ. ಲೆಕ್ಕಕ್ಕೆ ಸಿಗುವುದು ಅಂದಾಜಿನ ಚೂರು ಮಾತ್ರ. 'ಹೊರಗೆ ಹರಡುತ್ತಿದೆ' ಅಂತ ಗಾಬರಿಯಾಗುವ ಮುಂಚೆ ಒಳಗೆ ಎಷ್ಟಿದೆ ಅಂತ ಎಣಿಸಿಲ್ಲ ನಾವು.

ಹಳೇಪುಟ:
ಒಳಗೆ ಅಂದ ಮೇಲೆ ನೆನಪಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದ ಒಬ್ಬ ಅಮೆರಿಕನ್ ಸೈನಿಕನಿಗೆ ಈ ಕಾಯಿಲೆ ಹೊರಬಿದ್ದದ್ದು 62 ವರ್ಷದ ಮೇಲೆ. ಅಷ್ಟು ಕಾಲ ಮೈಯೊಳಗೆ ಸುಮ್ಮನೆ ಕೂತಿತ್ತು.

ಕೊನೇಬೆಂಚು:
ಇದನ್ನು ಅಣ್ಣನಿಗೆ ಹೇಳಲ್ಲ.

ರಾತ್ರಿಪಾಳಿ:
ಹೇಳಬೇಡಿ. ಅಷ್ಟು ಉದ್ದ ತೀರಾ ಅಪರೂಪ. ಹೆಚ್ಚಿನವರಿಗೆ ಮಣ್ಣು ತಾಗಿದ ಮೂರು ವಾರದೊಳಗೇ ಶುರುವಾಗುತ್ತದೆ. ಸಕ್ಕರೆ ಹತೋಟಿಯಲ್ಲಿದ್ದು ಮಾತ್ರೆ ಪೂರ್ತಿ ಮುಗಿಸಿದ್ದರೆ ಅಣ್ಣ ನಿಶ್ಚಿಂತೆಯಿಂದ ಇರಲಿ.

ಬರಿಗಾಲು, ನಿಮ್ಮ ಅಪ್ಪನ ವಿಷಯ: ಗೊತ್ತಾದ ಅಪಾಯಗಳಲ್ಲಿ ದೊಡ್ಡದು ಸಕ್ಕರೆ ಕಾಯಿಲೆ. ಆಮೇಲೆ ವಿಪರೀತ ಕುಡಿತ, ಕಿಡ್ನಿ, ಶ್ವಾಸಕೋಶದ ಹಳೆಯ ತೊಂದರೆ. ಗಟ್ಟಿಮುಟ್ಟಾದವರಿಗೆ ಬರುವುದು ಕಮ್ಮಿ. ಗಮ್‌ಬೂಟು, ಕೈಗೆ ಗ್ಲೌಸ್, ಗಾಯಕ್ಕೆ ನೀರು ಹೋಗದ ಪಟ್ಟಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯುವುದು. ಜ್ವರ ಬಿಡದಿದ್ದರೆ 'ಮಣ್ಣಿನ ಕೆಲಸ ಮಾಡ್ತಾರೆ, ಸಕ್ಕರೆ ಇದೆ' ಅಂತ ನೀವೇ ಮೊದಲು ಹೇಳಿ. ಡಾಕ್ಟರ್ ಕೇಳಲಿ ಅಂತ ಕಾಯಬೇಡಿ.

ಬರಿಗಾಲು:
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಗಮ್‌ಬೂಟು ತಂದುಕೊಟ್ಟೆ. ಅಪ್ಪ ತುಂಬಾ ಖುಷಿಪಟ್ಟರು. ಇವತ್ತು ನೋಡಿದರೆ ಒಂದು ಬೂಟಲ್ಲಿ ಕತ್ತರಿ, ಹಗ್ಗ. ಇನ್ನೊಂದರಲ್ಲಿ ಬೀಜದ ಪೊಟ್ಟಣ. ಅವರು ಬರಿಗಾಲಲ್ಲಿ.

ಲ್ಯಾಬ್_ಕೋಟು:
ಇನ್ನೊಂದು ಜೊತೆ ತನ್ನಿ. ಮೊದಲನೆಯದನ್ನು ವಾಪಸ್ ಕೇಳಬೇಡಿ, ಜಗಳ ಆಗುತ್ತದೆ. ಹಿಮ್ಮಡಿಗೆ ರಾತ್ರಿ ಮುಲಾಮು ಹಚ್ಚಿ ಸಾಕ್ಸ್ ಹಾಕಿಸಿ. ಒಡಕು ಕೂಡಿದರೆ ಅರ್ಧ ಕೆಲಸ ಆದಂತೆ.

ಸುಮ್ನೆಬಂದೆ:
ರಕೂನ್ ಸಾಕುತ್ತಾರಾ ಅನ್ನೋದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.